ತೊಡೆಯ ಮೇಲಿನ ಪೆಟ್ಟಿಗೆ

ನವೆಂಬರ್ 17, 2024. ಭಾನುವಾರ

ಮೂರನೇ ಸಲ ಅಳತೆ ತೆಗೆದೆ. ತಮ್ಮ ಕೀರ್ತನನ ಎಡ ಮುಷ್ಟಿ ಮೂರೂಕಾಲು ಇಂಚು, ಬಲ ಮುಷ್ಟಿ ಮೂರೂವರೆ. ಬೆರಳು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಮಣಿಕಟ್ಟು ಮೇಲೆ ಏಳುತ್ತದೆ, ಮೊಣಕೈ ಮಡಚುತ್ತದೆ, ಭುಜ ಗಟ್ಟಿ ಇದೆ. ಎದೆಯಿಂದ ಕೆಳಗೆ ಚಲನೆಯೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಕಲ್ಲುಗುಂಡಿ ತಿರುವಿನಲ್ಲಿ ಬೈಕ್ ಬಿದ್ದು ಬರುವ ತಿಂಗಳಿಗೆ ಎರಡು ವರ್ಷ. ಜೆಸಿಬಿಯ ಲಿವರ್ ಎಳೆದು ಗುಡ್ಡ ಸಮ ಮಾಡುತ್ತಿದ್ದ ಕೈ ಅದು.

ನನ್ನ ಯೋಚನೆ ಇಷ್ಟೆ – ಬೆರಳು ಬೇಡದ ಜಾಯ್‌ಸ್ಟಿಕ್. ಹಿಂದೆ ವಿಡಿಯೋ ಗೇಮ್ ಅಂಗಡಿಗಳಲ್ಲಿ ಇರುತ್ತಿತ್ತಲ್ಲ, ಹಾಗೆ. ಎಡಕ್ಕೆ ಲಿವರ್, ಬಲಕ್ಕೆ ದೊಡ್ಡ ದೊಡ್ಡ ಎಂಟು ಬಟನ್. ಮುಷ್ಟಿಯಲ್ಲಿ ತಳ್ಳುವುದು, ಮುಷ್ಟಿಯಲ್ಲಿ ಗುದ್ದುವುದು. ಮತ್ತೆ ಒಂದೇ ಪೆಟ್ಟಿಗೆ ಎಲ್ಲದಕ್ಕೂ ಆಗಬೇಕು. ಅವನ ಗೆಳೆಯ ಸಾಬಿತ್ ಶಾರ್ಜಾದಲ್ಲಿ ಪಿಎಸ್ ಫೋರ್ ಗೇಮ್ ಯಂತ್ರದಲ್ಲಿ ಆಡುತ್ತಾನೆ, ಅವಿನ್ ಪುತ್ತೂರಿನಲ್ಲಿ ಲ್ಯಾಪ್‌ಟಾಪಿನಲ್ಲಿ. ಮೂವರೂ ಮೊದಲು ಪುತ್ತೂರಿನ ಒಂದೇ ಗೇಮ್ ಸೆಂಟರಿನಲ್ಲಿ ರಜೆ ಕಳೆದವರು. ನಮ್ಮ ನೆಲ್ಯಾಡಿಯಲ್ಲಿ ಕರೆಂಟ್ ಹೋದರೆ ಉಳಿಯುವುದು ಫೋನ್ ಮಾತ್ರ. ಒಟ್ಟು ಮೂರು ಬಗೆಯ ಯಂತ್ರ.

ಅಳತೆ ತೆಗೆಯುವಾಗ ಕೀರ್ತನ್ ಹೇಳಿದ್ದು ಒಂದೇ ಮಾತು. "ನಿಂಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ."

ಈ ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು. ದೀಪಾವಳಿಯ ನಂತರ ಗೋಡೆ ಕಡೆ ಮುಖ ಮಾಡಿ ಮಲಗಿದವನು. ರಾತ್ರಿ ಊಟ ಬಿಟ್ಟಿದ್ದಾನೆ. ಅಮ್ಮನ ಹತ್ತಿರ "ನನ್ನನ್ನು ಇನ್ನು ಸಾಕುದು ಬೇಡ" ಅಂದನಂತೆ. ಅಮ್ಮ ಅದನ್ನು ನನಗೆ ಹೇಳಿದ್ದು ಬಟ್ಟೆ ಒಗೆಯುತ್ತಾ, ನನ್ನ ಮುಖ ನೋಡದೆ.

ನವೆಂಬರ್ 22

ಮರ ಸಿಕ್ಕಿತು. ಕಬಕದ ಬಡಗಿ ಶೆಡ್ಡಿನಲ್ಲಿ ಬಿದ್ದಿದ್ದ ಹಲಸಿನ ತುಂಡು. ಬಡಗಿ ಕೇಳಿದ, ದೇವರ ಮಂಟಪಕ್ಕಾ? ಹೌದು ಅಂದೆ. ಅವನಿಗೆ ಜಾಯ್‌ಸ್ಟಿಕ್ ವಿವರಿಸುವಷ್ಟು ತಾಳ್ಮೆ ನನಗೆ ಇರಲಿಲ್ಲ.

ಲಿವರ್, ಬಟನ್, ಬೋರ್ಡ್ ಎಲ್ಲ ಆನ್‌ಲೈನ್ ಬುಕ್ ಮಾಡಿದೆ. ಅಂಗಡಿಯ ವಿಳಾಸ ಕೊಟ್ಟಿದ್ದೇನೆ. ಕಡಬ ಪೇಟೆಯಲ್ಲಿ ನಾನು ಮೊಬೈಲ್ ರಿಪೇರಿಗೆ ಕೂರುವ ಅಂಗಡಿಯ ಯಜಮಾನರು ರಹ್ಮಾನಾಕ – ಅಬ್ದುಲ್ ರಹ್ಮಾನ್. ಒಳ್ಳೆ ಜನ. "ಮಧ್ಯಾಹ್ನ ಗಿರಾಕಿ ಇಲ್ಲದಾಗ ನಿನ್ನ ತಮ್ಮನ ಕೆಲಸ ಮಾಡು, ಯಾರು ಬೇಡ ಹೇಳ್ತಾರೆ" ಅಂದರು.

ಡಿಸೆಂಬರ್ 1. ಭಾನುವಾರ

ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿತು! ಒಂದು ಬಟನ್ ಮಾತ್ರ ತಾನಾಗಿ ಒತ್ತಿಕೊಳ್ಳುತ್ತಿತ್ತು. ಬೋರ್ಡ್ ಸರಿ ಇಲ್ಲ ಅಂತ ಅರ್ಧ ಗಂಟೆ ಬೈದೆ. ನೋಡಿದರೆ ನನ್ನದೇ ಬೆಸುಗೆ ಪಕ್ಕದ ಪಿನ್ನಿಗೆ ತಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಲಿವರಿನ ತುದಿಯ ಗುಂಡು ಅವನಿಗೆ ಹಿಡಿಯಲಾಗುವುದಿಲ್ಲ. ನೀರಿನ ಪೈಪಿನ ತುಂಡನ್ನು ಬಿಸಿ ಮಾಡಿ, ಸೀಳಿ, ಬಟ್ಟಲಿನ ಹಾಗೆ ಬಗ್ಗಿಸಿ ಅಲ್ಲಿ ಕೂರಿಸಿದೆ. ಮುಷ್ಟಿ ಅದರೊಳಗೆ ಕೂರುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಅಲ್ಲಾಡಿಸಿದ. ಎಡ, ಬಲ, ಎಡ. ಆಮೇಲೆ ಕೈ ತೆಗೆದ. ಆದರೆ ಇಂದು ಗೋಡೆ ಕಡೆ ತಿರುಗಿಸು ಅನ್ನಲಿಲ್ಲ.

ಡಿಸೆಂಬರ್ 5

ಎಂಟು ನಿಮಿಷ.

ಕೀರ್ತನನ ಹಳೆ ಪಿಎಸ್ ಫೋರ್‌ಗೆ ಹಾಕಿದರೆ ಸರಿಯಾಗಿ ಎಂಟು ನಿಮಿಷ ಕೆಲಸ ಮಾಡಿ ಸತ್ತು ಬೀಳುತ್ತದೆ. ನಾಲ್ಕು ಸಲ ಗಡಿಯಾರ ಹಿಡಿದು ನೋಡಿದೆ. ಫೋರಂಗಳಲ್ಲಿ ಓದಿದೆ – ಕೈಯಲ್ಲಿ ಹಿಡಿದು ಆಡುವ ಕಂಪನಿಯ ಪ್ಯಾಡ್ ಅಲ್ಲ ಅಂತ ಗೊತ್ತಾದರೆ ಹಾಗೆಯೇ ಅಂತೆ. ಎಂಟು ನಿಮಿಷ ಮನೆಯೊಳಗೆ ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಹೊರಗೆ ಹಾಕುವುದು.

ಇರುವುದು ಒಂದೇ ದಾರಿ. ಕಂಪನಿಯ ಅಸಲಿ ಪ್ಯಾಡ್ ಒಂದನ್ನು ಬಿಚ್ಚಿ, ಅದರ ಬೋರ್ಡನ್ನೇ ಪೆಟ್ಟಿಗೆಯೊಳಗೆ ಕೂರಿಸಿ, ನಮ್ಮ ಬಟನ್‌ಗಳ ವಯರ್ ಅದಕ್ಕೆ ಬೆಸೆಯುವುದು. ಮೇಲೆ ಒಂದು ಸ್ವಿಚ್. ಎಡಕ್ಕೆ ಹಾಕಿದರೆ ಪಿಎಸ್, ಬಲಕ್ಕೆ ಹಾಕಿದರೆ ಲ್ಯಾಪ್‌ಟಾಪ್ ಮತ್ತು ಫೋನ್. ಅಸಲಿ ಪ್ಯಾಡ್ ಮನೆಯಲ್ಲಿ ಇರುವುದು ಒಂದು. ಕೀರ್ತನನದು. ಬೀಳುವ ಮೊದಲಿನದು. ಎಡ ಹೆಬ್ಬೆರಳು ಇಡುವ ಕಡೆ ರಬ್ಬರ್ ಸವೆದು ಹೊಳೆಯುತ್ತದೆ.

ಡಿಸೆಂಬರ್ 8. ಭಾನುವಾರ

ಕೇಳಿದೆ. ತುಂಬಾ ಹೊತ್ತು ಪ್ಯಾಡ್ ನೋಡಿದ.

"ಒಡಿ. ನನಗೆಂತ ಅದರಿಂದ."

ಒಡೆದೆ. ಅವನ ಎದುರೇ ಒಡೆಯಬಾರದಿತ್ತು.

ಡಿಸೆಂಬರ್ 15. ಭಾನುವಾರ

ಮೂರೂ ಕಡೆ ಕೆಲಸ ಮಾಡುತ್ತದೆ. ಮೂರೂ! ಸ್ವಿಚ್ ಎಡ – ಪಿಎಸ್, ಎರಡು ಗಂಟೆ ನಿಲ್ಲದೆ. ಸ್ವಿಚ್ ಬಲ – ಲ್ಯಾಪ್‌ಟಾಪ್. ವಯರ್ ಕಿತ್ತು ಫೋನಿಗೆ – ಅದೂ ಸರಿ. ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಬೇರೆ ಯಾರು ತಟ್ಟುತ್ತಾರೆ.

ಮಧ್ಯಾಹ್ನ ಸಾಬಿತ್ ಜೊತೆ ಮೊದಲ ಆಟ. ಕೀರ್ತನ್ ಹತ್ತಕ್ಕೆ ಹತ್ತೂ ಸೋತ. ಕೊನೆಯದರಲ್ಲಿ ಸಾಬಿತನ ಅಜ್ಜಿವರೆಗೆ ಹೋಗಿ ಬೈದ. ಅಡುಗೆಮನೆಯಲ್ಲಿ ಅಮ್ಮ ಸೌಟು ಹಿಡಿದು ನಿಂತು ಕೇಳಿದರು. ಅವರ ಕಣ್ಣು ತುಂಬಿತ್ತು. ಆ ಬೈಗಳು ಕೇಳಿ ಎರಡು ವರ್ಷ ಆಗಿತ್ತು.

ಒಂದೇ ತೊಂದರೆ, ಪೆಟ್ಟಿಗೆ ಜಾರುತ್ತದೆ. ವೀಲ್‌ಚೇರಿನಲ್ಲಿ ತೊಡೆಯ ಮೇಲೆ ಇಟ್ಟರೆ, ನಾಲ್ಕು ಗುದ್ದು ಬಿದ್ದಾಗ ಮೊಣಕಾಲ ತನಕ ಹೋಗಿರುತ್ತದೆ. ಲುಂಗಿ ನುಣುಪು. ಮೇಜು ಹಾಕಿದರೆ ಭುಜ ಏರಿಸಬೇಕು, ಹತ್ತು ನಿಮಿಷಕ್ಕೆ ಸುಸ್ತಾಗುತ್ತಾನೆ. ತೊಡೆಯ ಮೇಲೆಯೇ ಆಗಬೇಕು.

ಡಿಸೆಂಬರ್ 18

ತಳಕ್ಕೆ ಕಬ್ಬಿಣದ ತಗಡು ಹಾಕಿದೆ. ಈಗ ನಾಲ್ಕೂವರೆ ಕೆಜಿ. ಆದರೂ ಜಾರುತ್ತದೆ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಕುಶಾಲಪ್ಪ ಮಾವನ ತೋಟದ ರಬ್ಬರ್! ಇಷ್ಟು ರಬ್ಬರ್ ನಡುವೆ ಕೂತು ನಾನು ಆನ್‌ಲೈನ್‌ನಲ್ಲಿ ಮ್ಯಾಟ್ ಹುಡುಕುತ್ತಿದ್ದೆ. ಇಳಿದು ನೇರ ಅವರ ಶೆಡ್ಡಿಗೆ ಹೋದೆ. ರಬ್ಬರ್ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು, ಗೆರೆ ಗೆರೆ ಮೂಡಿದ ಶೀಟನ್ನು ಬಿದಿರಿಗೆ ನೇತು ಹಾಕಿದ್ದರು. ಹೊಗೆ ಕೊಟ್ಟು ಒಣಗಿಸಿದ್ದು ಗಟ್ಟಿ, ಜಾರುತ್ತದೆ. ನಿನ್ನೆ ಮೊನ್ನೆ ರೋಲ್ ಮಾಡಿದ ಬಿಳಿ ಶೀಟು ಕೈಗೆ ಅಂಟುತ್ತದೆ. ಅದನ್ನೇ ಕೇಳಿದೆ.

"ಅದು ಒಣಗ್ಲಿಲ್ಲ ಮಗಾ. ಹುಳಿ ವಾಸನೆ ಬರ್ತದೆ."

ಇರಲಿ ಮಾವ, ಮೂಸಿ ನೋಡುವುದಕ್ಕಲ್ಲ ಅಂದೆ. ಮನೆಗೆ ತಂದು ಒಂದು ಸಲ ತೊಳೆದು ಪೆಟ್ಟಿಗೆಯ ತಳಕ್ಕೆ ಅಂಟಿಸಿದೆ.

ಡಿಸೆಂಬರ್ 22. ಭಾನುವಾರ

ಕೂದಲೆಳೆಯಷ್ಟೂ ಜಾರಲಿಲ್ಲ. ಲುಂಗಿ ಮೇಲೆ ಇಟ್ಟರೆ ಲುಂಗಿ ಸಮೇತ ಸರಿಯುತ್ತದೆ, ಬರಿ ತೊಡೆಯ ಮೇಲೆ ಇಟ್ಟರೆ ಗಾರೆ ಹಾಕಿದ ಹಾಗೆ. ತ್ಯಾಂಪಣ್ಣ ಕೂರಿಸಿ ಕೊಡುತ್ತಾರೆ. ಪಕ್ಕದ ಮನೆಯವರು, ಮೊದಲು ಲಾರಿ ಲೋಡಿಂಗಿನಲ್ಲಿ ಇದ್ದವರು. ಬೆಳಿಗ್ಗೆ ಸಂಜೆ ಬಂದು ಅವನನ್ನು ಎತ್ತುವುದು, ಮೈ ಒರೆಸುವುದು, ಮೂತ್ರದ ಪೈಪ್ ಚೀಲ ಬದಲಿಸುವುದು ಎಲ್ಲ ಅವರೇ. ಬೇರೆ ಯಾರನ್ನೂ ಕೀರ್ತನ್ ಮುಟ್ಟಗೊಡುವುದಿಲ್ಲ. ಸೊಂಟದ ಕೆಳಗೆ ನಾನಂತೂ ನೋಡಲೇಬಾರದು. ಅಮ್ಮ ಸಹ. ತ್ಯಾಂಪಣ್ಣ ಲುಂಗಿ ಮೇಲೆ ಮಡಚುವಾಗ ನಾನು ಸ್ವಿಚ್‌ಬೋರ್ಡ್ ಕಡೆ ತಿರುಗಿ ನಿಲ್ಲುತ್ತೇನೆ.

ಇಂದು ಅವಿನ್ ಮೇಲೆ ಎರಡು ಆಟ ಗೆದ್ದ. ರಾತ್ರಿ ಮೂರು ದೋಸೆ ತಿಂದ.

ಜನವರಿ 6, 2025

ಬರೆಯಲು ಪುರುಸೊತ್ತಿಲ್ಲ. ಸಂತೋಷ ಇರುವಾಗ ಡೈರಿ ಯಾರಿಗೆ ಬೇಕು.

ದಿನಕ್ಕೆ ಐದು ಗಂಟೆ, ಆರು ಗಂಟೆ ಆಡುತ್ತಾನೆ. ನಾನು ಕಡಬದಿಂದ ಬರುವಾಗ ಗೇಟಿನ ತನಕ ಟಕ ಟಕ ಕೇಳುತ್ತದೆ. ಅರ್ಧ ಗಂಟೆಗೊಮ್ಮೆ ಮೈ ಎತ್ತಿ ಕೂರಿಸಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಆಟದ ಮಧ್ಯೆ ಹೇಳಿದರೆ ಸಿಡುಕುತ್ತಾನೆ. ಬಿಟ್ಟುಬಿಟ್ಟೆ. ಸಿಡುಕಲಿ, ಗೋಡೆ ನೋಡುವುದಕ್ಕಿಂತ ಮೇಲು.

ನಿನ್ನೆ ತಾನಾಗಿಯೇ ಹೇಳಿದ. "ಅಕ್ಕ, ನನ್ನ ಕೈಯಲ್ಲಿ ಆಗುವ ಒಂದು ಕೆಲಸ ಇದು."

ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದು ಬಂದೆ.

ಜನವರಿ 16

ಬೆಳಿಗ್ಗೆ ಏಳೂಮುಕ್ಕಾಲು. ಬಸ್ಸಿಗೆ ಹೊರಡುವ ಹೊತ್ತು. ತ್ಯಾಂಪಣ್ಣ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಭವಿತಾ, ತಮ್ಮನ ತೊಡೆ ಸ್ವಲ್ಪ ಕೆಂಪು ಕಾಣ್ತದೆ. ಗೆರೆ ಗೆರೆ."

"ಸೆಕೆಗೆ ಇರ್ಬೇಕು ತ್ಯಾಂಪಣ್ಣ. ಪೌಡರ್ ಹಾಕಿ."

"ಒಮ್ಮೆ ನೀನು ನೋಡಿದ್ರೆ..."

"ಅವ ಬಿಡ್ತಾನಾ?"

ಬಸ್ ಹಾರ್ನ್ ಕೇಳಿತು. ಓಡಿದೆ. ಬಂದ ಮೇಲೆ ಆರನೇ ಬಟನ್ ಸ್ಪ್ರಿಂಗ್ ಬದಲಿಸಿದೆ. 26ಕ್ಕೆ ದೊಡ್ಡ ಪಂದ್ಯ, ಹಳೆ ಗೇಮ್ ಸೆಂಟರಿನ ಹದಿನಾರು ಜನ. ಎಲ್ಲ ಸರಿ ಇರಬೇಕು.

ಜನವರಿ 20

ತ್ಯಾಂಪಣ್ಣ ಮೊನ್ನೆಯಿಂದ ಇಲ್ಲ. ವಿಟ್ಲದ ಮಗಳಿಗೆ ಹೆರಿಗೆ. ಬರುವುದು 27ಕ್ಕೆ. ಎತ್ತಿ ಕೂರಿಸಲು ಅಮ್ಮ ಮತ್ತು ನಾನು. ಮೈ ಒರೆಸುವುದು ಅಮ್ಮ – ಲುಂಗಿ ತೆಗೆಯದೆ, ಅದರ ಅಡಿಯಲ್ಲೇ ಬಟ್ಟೆ ಹಿಡಿದು, ಕಣ್ಣು ಬೇರೆ ಕಡೆ ಇಟ್ಟು. ಪೆಟ್ಟಿಗೆ ಇಡಲು ಲುಂಗಿ ಮಡಚುವುದೂ ಹಾಗೆಯೇ, ನೋಡದೆ. ಇಪ್ಪತ್ತೊಂಬತ್ತು ವರ್ಷದ ಮಗ. ಅವನೂ ಹಲ್ಲು ಕಚ್ಚಿ ಸೀಲಿಂಗ್ ನೋಡುತ್ತಾನೆ.

ಜನವರಿ 26. ಭಾನುವಾರ

ಎರಡನೇ ಸ್ಥಾನ! ಹದಿನಾರು ಜನರಲ್ಲಿ! ಬೆರಳಿರುವ ಹದಿನಾಲ್ಕು ಜನರ ಮೇಲೆ! ಸಾಬಿತ್ ಫೋನಿನಲ್ಲಿ ಕಿರುಚಿದ್ದು ರಸ್ತೆಗೆ ಕೇಳಿರಬೇಕು. ಒಂಬತ್ತು ಗಂಟೆ ಕೂತಿದ್ದ. ಮಧ್ಯೆ ಕರೆಂಟ್ ಹೋಯಿತು, ಫೋನಿಗೆ ಹಾಕಿ ಅಭ್ಯಾಸ ಮಾಡಿದ, ಬಂತು, ಮತ್ತೆ ಪಿಎಸ್. ಪೆಟ್ಟಿಗೆ ಒಂದು ಸಲವೂ ಕೈ ಕೊಡಲಿಲ್ಲ.

ಕೋಣೆಯಲ್ಲಿ ಏನೋ ವಾಸನೆ. ಶೀಟಿನದು ಅಂದುಕೊಂಡೆ. ಸಂಜೆ ಸ್ವಲ್ಪ ನಡುಗಿದ. ಸಂತೋಷಕ್ಕೆ ಅಂದರು ಅಮ್ಮ.

ಜನವರಿ 29. ಪುತ್ತೂರು, ಆಸ್ಪತ್ರೆ

27ಕ್ಕೆ ಬೆಳಿಗ್ಗೆ ತ್ಯಾಂಪಣ್ಣ ಬಂದು ಲುಂಗಿ ತೆಗೆದವರು "ಅಯ್ಯೋ ದೇವರೇ" ಅಂದದ್ದು ನಾನು ಬಾವಿ ಹತ್ತಿರ ಕೇಳಿದೆ. ಜ್ವರ 104. ಆಂಬ್ಯುಲೆನ್ಸ್.

ಬಲ ತೊಡೆಯ ಚರ್ಮ ಮೇಲೆ ಮೇಲೆ ಸುಲಿದಿದೆ. ಎಡದ್ದು ಆಳ, ನಡುವೆ ಕಪ್ಪು. ಡಾಕ್ಟರ್ ಕೇಳಿದರು, ಇಷ್ಟು ದಿನ ಯಾರೂ ನೋಡಲಿಲ್ಲವಾ? ಇವನಿಗೆ ನೋವು ಗೊತ್ತಾಗುವುದಿಲ್ಲ, ನೀವು ಕಣ್ಣಲ್ಲಿ ನೋಡಬೇಕು. ಮೊದಲೇ ಗೊತ್ತಾಗಿದ್ದರೆ ಎರಡು ವಾರ ಮಲಗಿಸಿದರೆ ಸಾಕಿತ್ತಂತೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ.

ಆಮೇಲೆ ಗಾಯದ ಅಂಚಿನ ಕಡೆ ಬಗ್ಗಿ ನೋಡಿ ಕೇಳಿದರು. "ಇದೆಂತ ಗೆರೆ? ಬಾಚಣಿಗೆಯಲ್ಲಿ ಎಳೆದ ಹಾಗೆ."

ಅಮ್ಮ ಗೊತ್ತಿಲ್ಲ ಅಂದರು. ನನಗೆ ಗೊತ್ತಿತ್ತು. ಕುಶಾಲಪ್ಪ ಮಾವನ ರೋಲರಿನ ಗೆರೆ. ಒಂದು ಇಂಚಿಗೆ ಎಷ್ಟು ಅಂತ ಬೇಕಾದರೂ ಹೇಳುತ್ತಿದ್ದೆ. ಶೀಟಿನಲ್ಲಿ ಉಳಿದ ಆಸಿಡ್, ಬೆವರು, ನಾಲ್ಕೂವರೆ ಕೆಜಿ, ದಿನಕ್ಕೆ ಆರು ಗಂಟೆ.

ಡಾಕ್ಟರ್ ಕೊಟ್ಟ ಔಷಧಿ ಚೀಟಿ ಹಿಡಿದು ಹೊರಗೆ ಬಂದೆ.

ಕಾರಿಡಾರಿನಲ್ಲಿ ಅಮ್ಮ ತ್ಯಾಂಪಣ್ಣನ ಮೇಲೆ ಬಿದ್ದರು. "ದಿನಾ ಒರೆಸ್ತಿದ್ದದ್ದು ನೀನಲ್ವಾ? ಕಣ್ಣು ಎಲ್ಲಿತ್ತು ನಿಂಗೆ? ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ!"

ತ್ಯಾಂಪಣ್ಣ ನನ್ನನ್ನು ನೋಡಿದರು. ಒಂದೇ ಸಲ. ನಾನು ಹೇಳುತ್ತೇನೆ ಅಂತ ಕಾದರು ಅನಿಸುತ್ತದೆ. ನಾನು ಔಷಧಿ ಚೀಟಿ ಓದುತ್ತಿದ್ದೆ. ಅವರು ಟವೆಲ್ ಹೆಗಲಿಗೆ ಹಾಕಿ ಹೊರಟುಹೋದರು.

ಫೆಬ್ರವರಿ 3

ಸತ್ತ ಮಾಂಸ ಕತ್ತರಿಸಿ ತೆಗೆದರು. ಇನ್ನೂ ಒಮ್ಮೆ ತೆಗೆಯಬೇಕಾದೀತು ಅಂತೆ.

ಅಮ್ಮನ ಸಿಟ್ಟು ಈಗ ಅರ್ಥ ಆಗುತ್ತಿದೆ. ಕೊನೆಯ ಒಂಬತ್ತು ದಿನ ಒರೆಸಿದ್ದು ಅವರು. ಅದನ್ನು ಯಾರೂ ಹೇಳಬಾರದು ಅಂತ ಅವರೇ ಮೊದಲು ಕೂಗಿದರು. ತಾಯಿ ಮಗಳು ಒಂದೇ ಅಚ್ಚು.

ಫೆಬ್ರವರಿ 12

ಮನೆಗೆ ಬಂದೆವು. ಕೂರುವಂತಿಲ್ಲ. ಡ್ರೆಸಿಂಗ್ ದಿನಕ್ಕೆರಡು ಸಲ. ಆಸ್ಪತ್ರೆಯ ಸಿಸ್ಟರ್ ನನಗೆ ಕಲಿಸಿ, ಕಾಗದದ ಸ್ಕೇಲ್ ಕೊಟ್ಟರು, ಗಾಯ ಅಳೆದು ಬರೆದಿಡಲು. ತ್ಯಾಂಪಣ್ಣ ಇಲ್ಲ. ಇನ್ಯಾರು.

ಮೊದಲ ಸಲ ಲುಂಗಿ ಸರಿಸಿದಾಗ ಕೀರ್ತನ್ ಮುಖದ ಮೇಲೆ ತೋಳು ಅಡ್ಡ ಇಟ್ಟುಕೊಂಡ. ತೋಳಿನ ಅಡಿಯಿಂದ ಹೇಳಿದ, "ಬೇಗ ಮುಗಿಸು."

ಎಡ – 5.2 ಸೆಂಟಿಮೀಟರ್. ಎರಡು ವರ್ಷ ನಾವೆಲ್ಲ ಮರ್ಯಾದೆಯಿಂದ ಬೇರೆ ಕಡೆ ನೋಡಿದೆವು. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಫೆಬ್ರವರಿ 14

ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ಶೀಟು ಕಿತ್ತೆ. ಸುಲಭದಲ್ಲಿ ಬರಲಿಲ್ಲ, ಅಷ್ಟು ಚೆನ್ನಾಗಿ ಅಂಟಿಸಿದ್ದೆ. ಬಚ್ಚಲ ಒಲೆಗೆ ಹಾಕಿದೆ. ಕಪ್ಪು ಹೊಗೆ. ಅಮ್ಮ ಅಂಗಳದಿಂದ ಕೇಳಿದರು, "ಎಂತ ಸುಡುದು?" ಹಳೆ ವಯರ್ ಅಂದೆ.

ಪೆಟ್ಟಿಗೆಯನ್ನೂ ಹಾಕಲು ಎತ್ತಿದೆ. ಆಗಲಿಲ್ಲ. ನಾನು ಮಾಡಿದ್ದರಲ್ಲಿ ಅಷ್ಟು ಅಚ್ಚುಕಟ್ಟು ಬೇರೆ ಇಲ್ಲ. ಹಾಗನಿಸಿದ್ದಕ್ಕೆ ನನ್ನ ಮೇಲೆಯೇ ಹೇಸಿಗೆ ಆಯಿತು.

ಫೆಬ್ರವರಿ 17

5.6.

ಅಮ್ಮನಿಗೆ 5 ಅಂದೆ. ಕೀರ್ತನನಿಗೂ.

ತ್ಯಾಂಪಣ್ಣ ದಿನಾ ಸಂಜೆ ಗೇಟಿನ ಹೊರಗೆ ನಿಲ್ಲುತ್ತಾರೆ. ಒಳಗೆ ಬರುವುದಿಲ್ಲ. "ಹೇಗುಂಟು?" ಅಂತ ಕೇಳುತ್ತಾರೆ. ಅಮ್ಮ ಬಾಗಿಲು ಹಾಕುತ್ತಾರೆ. ನಾನು ಇಂದು ಹಿತ್ತಲ ದಾರಿಯಲ್ಲಿ ಮನೆಗೆ ಬಂದೆ.

ಫೆಬ್ರವರಿ 20

ಡ್ರೆಸಿಂಗ್ ಮಾಡುವಾಗ ಕೀರ್ತನ್ ಕೇಳಿದ.

"ಅಕ್ಕ, ತ್ಯಾಂಪಣ್ಣ ದಿನಾ ನೋಡ್ತಿದ್ರಲ್ಲ. ಯಾಕೆ ಒಂದು ಮಾತು ಹೇಳ್ಲಿಲ್ಲ?"

ಗಾಜ್ ಬಟ್ಟೆ ಕತ್ತರಿಸುತ್ತಿದ್ದೆ.

"ಅಪ್ಪ ಹೋದ ಮೇಲೆ ನಾನು ಅವರನ್ನೇ ಅಪ್ಪ ಅಂತ ತಿಳ್ಕೊಂಡಿದ್ದೆ. ಅವರಿಗೂ ನಾನು ಸಾಕಾಗಿತ್ತು ಅಂತ ಕಾಣ್ತದೆ."

ಇಲ್ಲ ಕೀರ್ತನ್ ಅಂದೆ. ಅಷ್ಟೆ. ಬಟ್ಟೆ ಇಟ್ಟು ಟೇಪ್ ಹಚ್ಚಿದೆ. ನಿಜ ಹೇಳಿದರೆ ಪೆಟ್ಟಿಗೆ ಹೋಗುತ್ತದೆ. ಪೆಟ್ಟಿಗೆ ಹೋದರೆ ಅವನು ಮತ್ತೆ ಗೋಡೆ ಕಡೆ ತಿರುಗುತ್ತಾನೆ. ಅದಕ್ಕಾಗಿ ಹೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೇಳದ್ದು ನನಗಾಗಿ.

ಫೆಬ್ರವರಿ 23. ಭಾನುವಾರ

6.1. ಅಂಚಿನಿಂದ ಕೀವು.

"ಎಷ್ಟು?" ಅಂದ.

"ನಾಲ್ಕೂವರೆ."

"ಕಮ್ಮಿ ಆಗ್ತಾ ಉಂಟಲ್ಲ." ಮುಖದಲ್ಲಿ ನಗು. "ಹಾಗಾದ್ರೆ ಬರುವ ಭಾನುವಾರ ಒಂದು ಗಂಟೆ ಕೂರ್ತೇನೆ. ಸಾಬಿತಿಗೆ ಹೇಳಿದ್ದೇನೆ. ತೊಡೆ ಮೇಲೆ ಜಾಗ್ರತೆಯಲ್ಲಿ ಇಟ್ಟರಾಯ್ತು, ಅಲ್ವಾ ಅಕ್ಕ?"

ಫೆಬ್ರವರಿ 25. ಬೆಳಿಗ್ಗೆ ಹತ್ತು

ನಸುಕಿನಿಂದ ಮತ್ತೆ ಜ್ವರ. ಪುತ್ತೂರಿನ ಡಾಕ್ಟರಿಗೆ ಫೋಟೋ ಕಳಿಸಿದೆ, ಸರಿಯಾದ ಅಳತೆ ಬರೆದು. ಕೂಡಲೇ ಫೋನ್ ಮಾಡಿದರು. ಕೀವು ಎಲುಬಿಗೆ ಇಳಿದಿರಬಹುದು, ಮಂಗಳೂರಿಗೆ ಕರೆದುಕೊಂಡು ಹೋಗಿ, ಇವತ್ತೇ. ಕಾಲು ಉಳಿಯುತ್ತದಾ ಕೇಳಿದೆ. ಮೊದಲು ಜೀವ ನೋಡುವ ಅಂದರು.

ಆಂಬ್ಯುಲೆನ್ಸ್ ಹನ್ನೆರಡಕ್ಕೆ. ಅಮ್ಮ ಬಟ್ಟೆ ಕಟ್ಟುತ್ತಿದ್ದಾರೆ. ಕೀರ್ತನ್ ಜ್ವರದಲ್ಲೂ ಹೇಳಿದ, ಸ್ಟಿಕ್ ಚೀಲಕ್ಕೆ ಹಾಕು, ಮರೀಬೇಡ.

ಗಾಯಕ್ಕೆ ತಾಗದ ಹಾಗೆ ಅವನನ್ನು ಎತ್ತಲು ನಮ್ಮಿಬ್ಬರಿಗೆ ಆಗುವುದಿಲ್ಲ. ತ್ಯಾಂಪಣ್ಣ ಗೇಟಿನ ಹತ್ತಿರ ಬಂದು ನಿಂತಿದ್ದಾರೆ, ಯಾರು ಹೇಳಿದರೋ. ಅಮ್ಮ ಬೇಡ ಅನ್ನುತ್ತಾರೆ. ಕೀರ್ತನ್ ಸಹ ಬೇಡ ಅಂದ. ಅವರು ನನ್ನನ್ನು ಮುಟ್ಟುದು ಬೇಡ ಅಕ್ಕ ಅಂದ. ಗೇಟಿಗೆ ಕೇಳುವಷ್ಟು ಜೋರಾಗಿ.

ಹನ್ನೆರಡರ ಒಳಗೆ ಹೇಳಬೇಕು. ಮಂಗಳೂರಿನಲ್ಲಿ ಏನಾಗುತ್ತದೋ, ಆಮೇಲೆ ಹೇಳಲು ಅವನು... ಅದು ಬೇಡ. ಎದುರು ನಿಂತರೆ ನಾಲಿಗೆ ಹೊರಳುವುದಿಲ್ಲ ಅಂತ ಗೊತ್ತು. ಇಲ್ಲಿ ಬರೆದು, ನೋಡಿ ಓದುತ್ತೇನೆ.

ಕೀರ್ತನ್, ತ್ಯಾಂಪಣ್ಣ ಹೇಳಿದ್ದರು. ನನ್ನ ಹತ್ತಿರ. ಜನವರಿ ಹದಿನಾರಕ್ಕೆ, ಅಡುಗೆಮನೆ ಬಾಗಿಲಲ್ಲಿ ನಿಂತು. ಒಮ್ಮೆ ನೋಡು ಅಂದರು. ನಾನು...